ಅವನು ಖಾಲಿ ಬಿಡುತ್ತಿದ್ದ ಗಂಟೆಗಳು

ಇವತ್ತು ಬೆಳಿಗ್ಗೆ ಆರೂವರೆಗೆ ನಮ್ಮ ಮನೆ ಮಹಡಿಯ ಸೋಲಾರ್ ಫಲಕ ಒರೆಸಲೆಂದು ಹಳೆಯ ಚೀಲ ಬಿಚ್ಚಿದೆ. ಒಳಗೆ ಮಿಲ್ಲಿನ ಹತ್ತಿ ವೇಸ್ಟು. ಎಣ್ಣೆ, ನೂಲಿನ ಧೂಳು ಬೆರೆತ ವಾಸನೆ. ನಾನು ತಮಿಳು ಸೀಮೆಯ ಅನ್ನೂರಿನ ಮಿಲ್ಲಿನಲ್ಲಿ ಮ್ಯಾನೇಜರ್ ಆಗಿದ್ದಾಗ ಅಲ್ಲಿದ್ದ ಎಲೆಕ್ಟ್ರಿಷಿಯನ್ನಿನ ಕೈಗೂ ಇದೇ ವಾಸನೆ...

ಕನ್ನಡ ಮಾತಾಡುವ ನೇಕಾರರ ಮನೆಯವನು. ನನ್ನೊಡನೆ ಕನ್ನಡ, ಬರೆಯುವುದು ತಮಿಳು. ಮಿಲ್ಲಿನ ಚಾವಣಿಯ ಸೋಲಾರ್ ನೋಡಿಕೊಳ್ಳುವುದು ಅವನ ಕೆಲಸ. ಪ್ರತಿ ಗಂಟೆ ಎಷ್ಟು ಕರೆಂಟು ಬಂತೆಂದು ಒಂದು ಪೆಟ್ಟಿಗೆ ಆಫೀಸಿಗೆ ತಿಳಿಸುತ್ತಿತ್ತು. ಅದು ಸುಮ್ಮನಾದ ಗಂಟೆಗಳನ್ನು ಅವನು ಪಟ್ಟಿಯಲ್ಲಿ ಖಾಲಿ ಬಿಟ್ಟು, ಪಕ್ಕದಲ್ಲಿ ತಮಿಳಿನಲ್ಲಿ ‘ನೋಡಿಲ್ಲ’ ಎಂದು ಬರೆಯುತ್ತಿದ್ದ. ಮಾರನೆಯ ಬೆಳಿಗ್ಗೆ ಏಣಿ ಹತ್ತಿ ನೋಡಿ ಬರುತ್ತಿದ್ದ.

ಖಾಲಿ ಜಾಗ ಕಂಡರೆ ನನಗಾಗದು. “ನಿನ್ನೆ ಬಂದದ್ದನ್ನೇ ತುಂಬಿಸಪ್ಪಾ,” ಎಂದೆ.

“ನೋಡದ್ದನ್ನ ಬರೆದ್ರೆ ಅದು ಜಾತಕ ಅಣ್ಣಾ, ರೀಡಿಂಗ್ ಅಲ್ಲ,” ಎಂದು ನಕ್ಕ. “ಕಾಲಿ ಇದ್ರೆ ತಾನೇ ನಾನು ಏಣಿ ಹಾಕೋದು?”

ಮರುದಿನದಿಂದ ಪಟ್ಟಿ ನಾನೇ ಬರೆದೆ. ದಿನವೂ ಸಂಜೆ ಐದೂವರೆಗೆ, ಖಾಲಿ ಗಂಟೆಗಳಿಗೆ ಹಿಂದಿನ ದಿನದ ಅಂಕಿಯನ್ನೇ ತುಂಬಿ. ಕೆಳಗೆ ವಾಡಿಕೆಯಂತೆ ಅವನ ಹೆಸರು. ಗೋಡೆಯ ಮೇಲಿನ ಆ ಪಟ್ಟಿಯನ್ನು ಅವನು ನಂಬಿದ. ಏಣಿ ಮೂಲೆ ಸೇರಿತು.

ಕೆಲವು ವಾರಗಳ ನಂತರ ತಿಳಿಯಿತು: ಹಿಂದಿನ ಶೆಡ್ಡಿನ ಸೋಲಾರ್ ಇನ್ವರ್ಟರ್ ಎಂದೋ ಸುಟ್ಟುಹೋಗಿದೆ. ಪಟ್ಟಿಯಲ್ಲಿ ಮಾತ್ರ ಅದು ದಿನವೂ ಕರೆಂಟು ಕೊಡುತ್ತಿತ್ತು. ಮಾಲೀಕರು ಅವನ ಹೆಸರಿನ ಮೇಲೆ ಬೆರಳಿಟ್ಟು, ಇದನ್ನು ಬರೆದವರು ಯಾರು ಎಂದು ಕೇಳಿದರು.

ನಾನು ಪಕ್ಕದಲ್ಲೇ ನಿಂತಿದ್ದೆ. ಅವನು ನನ್ನ ಮುಖವನ್ನೇ ನೋಡಿದ, ಕಾಯುವವನ ಹಾಗೆ...

“ಮೇಲೆ ಹತ್ತದೆ ಇದ್ದದ್ದು ನಂದೇ ತಪ್ಪು,” ಎಂದ.

ಅಂದೇ ಕೆಲಸ ಹೋಯಿತು. ಟೆಸ್ಟರ್, ಸ್ಪ್ಯಾನರ್‌ಗಳನ್ನು ಒರೆಸಿ ಮೇಜಿನ ಮೇಲೆ ಸಾಲಾಗಿ ಇಟ್ಟ. “ಬರ್ತೀನಣ್ಣಾ” ಎಂದು ಮಧ್ಯಾಹ್ನದ ಟೌನ್ ಬಸ್ ಹತ್ತಿದ. ಮತ್ತೆ ನಾನು ಅವನನ್ನು ಕಾಣಲಿಲ್ಲ. ಹುಡುಕಲೂ ಇಲ್ಲ. ಹೋದ ತಿಂಗಳು ಗಾಂಧಿಪುರಂ ಬಸ್ ನಿಲ್ದಾಣದಲ್ಲಿ ಸಿಕ್ಕ ಹಳೆಯ ಕೆಲಸಗಾರನೊಬ್ಬ, ಅವನು ತೀರಿಕೊಂಡು ಎರಡು ವರ್ಷವಾಯಿತೆಂದ.

ಡೈರಿ ಬರೆಯುವುದನ್ನು ನಾನು ಒಂದು ದಿನವೂ ತಪ್ಪಿಸಿದವನಲ್ಲ. ಫಲಕ ಒರೆಸುವುದನ್ನು ಬಿಟ್ಟು ಕೆಳಗಿಳಿದು, ಅವನ ಕೆಲಸ ಹೋದ ದಿನದ ಪುಟ ಹುಡುಕಿದೆ. ‘ಎಲ್ಲ ಮಾಮೂಲು’ ಎಂದಿತ್ತು, ನನ್ನದೇ ದುಂಡು ಅಕ್ಷರ. ಅದನ್ನು ಹೊಡೆದುಹಾಕಿದೆ. ಅಲ್ಲಿ ಏನು ಬರೆಯಬೇಕೆಂದು ನನಗೆ ಗೊತ್ತು, ಓದಬೇಕಾದವನು ಇಲ್ಲ.