ಹಿಂದಕ್ಕೆ ಹೋಗಿ ಕೂತು ಬರುವವರು

ಕಲ್ಲುಗಣಿಯಿಂದ ಪೇಟೆಗೆ ಹೋಗುವ ಲೋಕಲ್ ರೈಲನ್ನು ಯಾರೂ ಜನರಿಗೆಂದು ಹಾಕಿದ್ದಲ್ಲ, ಕಲ್ಲಿಗೆಂದು ಹಾಕಿದ್ದು. ಪೇಟೆಯ ದೊಡ್ಡ ಕಟ್ಟಡಗಳೆಲ್ಲ ಎದ್ದು ನಿಲ್ಲುತ್ತಿದ್ದ ಕಾಲದಲ್ಲಿ ಕಲ್ಲು ಹೊತ್ತ ಗಾಡಿ ಹಗಲೆಲ್ಲ ಓಡುತ್ತಿತ್ತು. ಗಣಿಯ ಆಳುಗಳು ಆ ಕಲ್ಲಿನ ಮೇಲೆಯೇ ಕುಕ್ಕರಗಾಲಲ್ಲಿ ಕೂತು ಮನೆ ಸೇರುತ್ತಿದ್ದರು. ಇಬ್ಬರು ಮೂವರು ಬಿದ್ದು ಸತ್ತ ಮೇಲೆ ಗಣಿಯವರಿಗೆ ಮರುಕ ಬಂತೋ ಕೋರ್ಟಿನ ಭಯ ಬಂತೋ, ಗಾಡಿಯ ಹಿಂದೆ ಒಂದು ಬೋಗಿ ತಗುಲಿಸಿದರು. ಮುಂದೆ ಗಣಿಯಲ್ಲಿ ಕಲ್ಲು ಮುಗಿಯಿತು, ಬಾಲದ ಬೋಗಿ ಮಾತ್ರ ಉಳಿಯಿತು, ಅದಕ್ಕೆ ಇನ್ನಷ್ಟು ಬೋಗಿ ಸೇರಿ ಅದೇ ರೈಲಾಯಿತು. ಗಣಿ ನಿಲ್ದಾಣದಿಂದ ಹೊರಟು, ಹಳ್ಳದ ಸೇತುವೆ ದಾಟಿ, ತೊಟ್ಟಿ ಹಾಲ್ಟಿನಲ್ಲಿ ಒಂದು ಗಳಿಗೆ ನಿಂತು, ಇಟ್ಟಿಗೆ ಭಟ್ಟಿ, ಗಿರಣಿ ಗೇಟು ಹಾದು, ಮಾರ್ಕೆಟ್ಟಿನ ಹಿತ್ತಲ ಕೊಳೆತ ತರಕಾರಿಯ ವಾಸನೆಯ ನಡುವೆ ನುಸುಳಿ ಪೇಟೆಯ ದೊಡ್ಡ ಸ್ಟೇಷನ್ ಸೇರುವುದು ಅದರ ದಾರಿ.

ತೊಟ್ಟಿ ಹಾಲ್ಟನ್ನೂ ಯಾರೂ ಬೇಕೆಂದು ಕಟ್ಟಿದ್ದಲ್ಲ. ಉಗಿ ಎಂಜಿನ್ನು ತೊಟ್ಟಿಯ ನೀರು ಕುಡಿಯಲು ಅಲ್ಲಿ ನಿಲ್ಲುತ್ತಿತ್ತು, ನಿಂತಾಗ ಜನ ಧುಮುಕುತ್ತಿದ್ದರು. ರೈಲ್ವೆಯವರು ಬೈದು ನೋಡಿದರು, ಬೇಲಿ ಹಾಕಿ ನೋಡಿದರು, ಕೊನೆಗೆ ಸಾಕಪ್ಪಾ ಸಾಕು ಎಂದು ತಾವೇ ಹಳಿಯ ಎರಡೂ ಮಗ್ಗುಲಿಗೆ ಪ್ಲಾಟ್‌ಫಾರ್ಮ್ ಕಟ್ಟಿಸಿ ಬೋರ್ಡು ನೆಟ್ಟರು. ಒಂದು ಪೇಟೆ ಕಡೆಯ ರೈಲಿಗೆ, ಇನ್ನೊಂದು ಗಣಿ ಕಡೆಯ ರೈಲಿಗೆ. ಹೀಗೆ ಜನರ ಚಟದಿಂದ ಹುಟ್ಟಿದ ಹಾಲ್ಟು ಅದು.

ಅದರ ಬೇಲಿಗೆ ಬೆನ್ನು ಕೊಟ್ಟ ಸಾಲುಮನೆಯೊಂದರಲ್ಲಿ ಕತ್ತರಿ ಮೇಷ್ಟ್ರು ತಮ್ಮ ಅಕ್ಕನ ಜೊತೆ ಇದ್ದರು. ಪಾಠ ಹೇಳುವ ಮೇಷ್ಟ್ರಲ್ಲ, ಗಿರಣಿ ಗೇಟಿನ ಹತ್ತಿರ ಯೂನಿಫಾರ್ಮ್ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವರು. ಬಟ್ಟೆಯನ್ನು ಪದರದ ಮೇಲೆ ಪದರವಾಗಿ ಹಾಸಿಗೆ ದಪ್ಪಕ್ಕೆ ಹಾಸಿ, ರಟ್ಟಿನ ಅಚ್ಚಿಟ್ಟು ಸೀಮೆಸುಣ್ಣದ ಗೆರೆ ಎಳೆದು, ಮೊಳದುದ್ದದ ಕತ್ತರಿ ಹಾಯಿಸಬೇಕು. ಮೈಭಾರವೆಲ್ಲ ಕೈಗೆ ಬೀಳಬೇಕಾದ್ದರಿಂದ ಅದು ಕೂತು ಮಾಡುವ ಕೆಲಸವಲ್ಲ. ಮೀಸೆ ಚಿಗುರುವಾಗ ಆ ಮೇಜಿನ ಮುಂದೆ ನಿಂತವರು ಮೀಸೆ ಬೆಳ್ಳಗಾಗುವ ತನಕ ನಿಂತೇ ಇದ್ದರು. ಕಾಲಿನ ನರಗಳೆಲ್ಲ ಉಬ್ಬಿ ಗಂಟುಗಂಟಾಗಿದ್ದವು. ಡಾಕ್ಟರು ನೋಡಿ, "ನಿಲ್ಲೋದನ್ನ ಬಿಟ್ಬಿಡಿ" ಅಂದರು. ಗಂಡ ತೀರಿದ ಮೇಲೆ ತಮ್ಮನ ಮನೆ ಸೇರಿದ ಅಕ್ಕನ ನಾಲಿಗೆ ತಮ್ಮನ ಕತ್ತರಿಗಿಂತ ಹರಿತ. "ಆ ಡಾಕ್ಟರ್‌ಗೆ ಹೇಳು, ನೀವು ರೋಗಿಗಳನ್ನ ನೋಡೋದು ಬಿಟ್ಬಿಡಿ ಅಂತ" ಅಂದಳು.

ದಿನವಿಡೀ ನಿಲ್ಲುವುದು ಹೇಗೂ ತಪ್ಪದು, ಹೋಗುವಾಗಲಾದರೂ ಕೂರೋಣವೆಂದರೆ ಬೆಳಗಿನ ರೈಲಿನಲ್ಲಿ ಅದೂ ಆಗದು. ಹಳೆಯ ಗಣಿಯ ಸುತ್ತ ಬಡಾವಣೆಗಳು ಎದ್ದಿದ್ದವು, ರೈಲು ಅಲ್ಲೇ ತುಂಬಿ ತುಳುಕಿ ಬರುತ್ತಿತ್ತು. ತೊಟ್ಟಿ ಹಾಲ್ಟಿನವರಿಗೆ ಸೀಟಿನ ಮಾತು ಹಾಗಿರಲಿ, ಹಿಡಿಯಲು ಒಂದು ಕಂಬಿ ಸಿಕ್ಕರೆ ಪುಣ್ಯ. ಒಂದು ದಿನ ಕಾಲು ಬಾತು ಚಪ್ಪಲಿಯೊಳಗೆ ಹೋಗದೇ ಹೋದಾಗ ಮೇಷ್ಟ್ರಿಗೆ ತಲೆ ಓಡಿತು. ಪೇಟೆಯಿಂದ ಖಾಲಿಯಾಗಿ ಬರುವ ರೈಲನ್ನು ಎದುರು ಪ್ಲಾಟ್‌ಫಾರ್ಮಿನಲ್ಲಿ ಹತ್ತಿ, ಹಿಂದಕ್ಕೆ ಗಣಿ ನಿಲ್ದಾಣಕ್ಕೆ ಹೋದರು. ಅದೇ ರೈಲು ಅಲ್ಲಿಂದ ಪೇಟೆಗೆ ತಿರುಗುವುದಲ್ಲವೇ, ಇಳಿಯಲೇ ಇಲ್ಲ. ಕಿಟಕಿ ಪಕ್ಕದ ಸೀಟಿನಲ್ಲಿ ಮಹಾರಾಜರ ಹಾಗೆ ಕೂತು ಬರುವಾಗ, ತಮ್ಮದೇ ಹಾಲ್ಟಿನಲ್ಲಿ ನೆರೆಹೊರೆಯವರು ಬಾಗಿಲಿಗೆ ಜೋತು ಬೀಳುವುದನ್ನು ಕಂಡರು. ಅವರಿಗೆ ಪಾಪ ಅನ್ನಿಸಿತು, ಸುಳ್ಳೇಕೆ, ಒಂದಿಷ್ಟು ಖುಷಿಯೂ ಆಯಿತು.

ಈ ಉಪಾಯವನ್ನು ಅವರು ಪಕ್ಕದ ಮನೆಯ ಬೈಂಡಿಂಗಿನವನಿಗೆ ಹೇಳಿದರು. ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದ ಅವನ ಬಾಯಿಗೆ ಮಾತ್ರ ಯಾವ ರಟ್ಟೂ ಇರಲಿಲ್ಲ. ಅವನು ಆಚೆ ಮನೆಯ ನರ್ಸಮ್ಮನಿಗೆ ಹೇಳಿದ, ನರ್ಸಮ್ಮ ಸಾಲುಮನೆಗೆಲ್ಲ ಹೇಳಿದಳು. ಕೆಲವೇ ವರ್ಷಗಳಲ್ಲಿ ಅದು ಹಾಲ್ಟಿನ ರೂಢಿಯೇ ಆಗಿಹೋಯಿತು. ಬೆಳಗ್ಗೆ ಪೇಟೆ ಕಡೆಯ ಪ್ಲಾಟ್‌ಫಾರ್ಮಿನಲ್ಲಿ ನಾಯಿಗಳು ಮಲಗಿರುತ್ತಿದ್ದವು, ಪೇಟೆಗೆ ಹೋಗುವ ಜನರೆಲ್ಲ ಗಣಿ ಕಡೆಯ ಪ್ಲಾಟ್‌ಫಾರ್ಮಿನಲ್ಲಿ. ಗಣಿ ನಿಲ್ದಾಣದಲ್ಲಿ ಹತ್ತುವ ಗಣಿಯವರು ತಮ್ಮ ಸೀಟು ಹೋಯಿತೆಂದು ಕೂಗಾಡಿದರು, ಟಿಕೆಟ್ ತಪಾಸಣೆಯವನಿಗೆ ದೂರು ಕೊಟ್ಟರು. ಅವನು ಬಂದು, "ನಿಮ್ ಪಾಸು ತೊಟ್ಟಿಯಿಂದ, ಗಣಿಯಿಂದ ಅಲ್ಲ, ಇಳೀರಿ" ಅಂದ. ಮರುದಿನವೇ ಎಲ್ಲರೂ ಗಣಿಯಿಂದ ಪೇಟೆಗೆ ಪಾಸು ಮಾಡಿಸಿಕೊಂಡು ಅವನ ಬಾಯಿ ಮುಚ್ಚಿಸಿದರು. ತೊಟ್ಟಿ ಹಾಲ್ಟಿನ ಟಿಕೆಟ್ ಕಿಟಕಿಗೆ ಕೆಲಸವಿಲ್ಲದೆ ಅದೂ ಮುಚ್ಚಿತು. ಅದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಆಮೇಲೆ ಆ ಮುಚ್ಚಿದ ಕಿಟಕಿಯ ಮೇಲೆಯೇ ನೋಟಿಸು ಅಂಟಿತು. ರೈಲನ್ನು ಚುರುಕು ಮಾಡಲು ನಿಲುಗಡೆ ಕಡಿಮೆ ಮಾಡುತ್ತಾರಂತೆ. ಪ್ರತಿ ನಿಲ್ದಾಣದಲ್ಲೂ ಮೂರು ಬೆಳಗು ಪೇಟೆಗೆ ಹತ್ತುವವರನ್ನು ಎಣಿಸುತ್ತಾರಂತೆ, ಜನ ಇಲ್ಲದ ಕಡೆ ರೈಲು ನಿಲ್ಲುವುದಿಲ್ಲವಂತೆ.

ಮೇಷ್ಟ್ರು ಅದನ್ನು ಎರಡೆರಡು ಸಲ ಓದಿದರು. ಹಾಲ್ಟು ಹೋದರೆ ಉಳಿದವರು ಗಣಿ ನಿಲ್ದಾಣಕ್ಕೆ ನಡೆದಾರು. ಹಳ್ಳಕ್ಕಿಳಿದು, ಆಚೆ ದಿಣ್ಣೆ ಹತ್ತಿದರೆ ಆಯಿತು, ಬೇರೆ ದಾರಿಯೂ ಇಲ್ಲ, ಬಸ್ಸೂ ಇಲ್ಲ. ತಮ್ಮ ಕಾಲಿಗೆ ಆ ದಿಣ್ಣೆ ಹತ್ತಿಸಿ, ಮತ್ತೆ ಸಂಜೆ ತನಕ ಮೇಜಿನ ಮುಂದೆ ನಿಲ್ಲಿಸಲು ಸಾಧ್ಯವಿಲ್ಲ. ಕೆಲಸ ಹೋದರೆ ಬಾಡಿಗೆ ಮನೆ ಹೋಯಿತು, ಆಮೇಲೆ ಅಕ್ಕನನ್ನು ಕಟ್ಟಿಕೊಂಡು ಯಾರ ಮನೆ ಬಾಗಿಲು? ಇದೆಲ್ಲ ಅವರಿಗೆ ನೋಟಿಸಿನ ಮುಂದೆ ನಿಂತಲ್ಲೇ ಹೊಳೆಯಿತು.

ಭಾನುವಾರ ಹಳೆಯ ನೀರಿನ ತೊಟ್ಟಿಯ ಕೆಳಗೆ ಎಲ್ಲರನ್ನೂ ಸೇರಿಸಿದರು.

"ಮೂರೇ ಮೂರು ಬೆಳಗು. ಈ ಪ್ಲಾಟ್‌ಫಾರ್ಮಿಂದ ಹತ್ತಿ ನಿಂತ್ಕೊಂಡು ಹೋಗೋಣ. ನಿಂತ್ರೆ ಯಾರೂ ಸಾಯಲ್ಲ, ನನ್ನನ್ನೇ ನೋಡಿ" ಅಂದರು. ಜನ ನಕ್ಕರು. ಎಲ್ಲರೂ ಒಪ್ಪಿದರು. ಬೈಂಡಿಂಗಿನವನಂತೂ, "ಮೇಷ್ಟ್ರೇ, ಎಣಿಸೋನಿಗೆ ಕೈ ನೋವು ಬರಬೇಕು, ಹಾಗೆ ಹತ್ತೋಣ" ಅಂದ.

ಮೊದಲ ಬೆಳಗು ಮೇಷ್ಟ್ರು ಎಲ್ಲರಿಗಿಂತ ಮುಂಚೆ ಪೇಟೆ ಕಡೆಯ ಪ್ಲಾಟ್‌ಫಾರ್ಮಿಗೆ ಹೋದರು. ಹೆಬ್ಬೆರಳಿನಿಂದ ಒತ್ತಿ ಎಣಿಸುವ ಪುಟ್ಟ ಯಂತ್ರ ಹಿಡಿದು ಗಣತಿಯವನು ಬೆಂಚಿನ ಮೇಲೆ ಕೂತಿದ್ದ. ಇಬ್ಬರೂ ಕಾದರು. ಜನ ಬಂದರು, ಆದರೆ ಎದುರು ಪ್ಲಾಟ್‌ಫಾರ್ಮಿಗೆ. ಒಬ್ಬೊಬ್ಬರೇ, ತಲೆ ತಗ್ಗಿಸಿಕೊಂಡು, ಇತ್ತ ನೋಡದ ಹಾಗೆ. ಉಳಿದವರೆಲ್ಲ ಹೇಗೂ ಅಲ್ಲಿರುತ್ತಾರೆ, ನಾನೊಬ್ಬ ಇಲ್ಲದಿದ್ದರೆ ಏನು ಮುಳುಗಿಹೋಗುತ್ತದೆ ಎಂದು ಪ್ರತಿಯೊಬ್ಬರೂ ಮನೆಯಿಂದಲೇ ಲೆಕ್ಕ ಹಾಕಿಕೊಂಡು ಬಂದಿದ್ದರು. ನರ್ಸಮ್ಮನಿಗೆ ಅಂದು ಎರಡು ಪಾಳಿ, ಬೈಂಡಿಂಗಿನವನಿಗೆ ಸೊಂಟ ಹಿಡಿದಿತ್ತು.

"ಅವರೆಲ್ಲ ನಮ್ಮವರೇ ಸಾರ್, ಪೇಟೆಗೇ ಹೋಗೋರು. ಅಲ್ಲೇ ಎಣಿಸ್ಕೊಳ್ಳಿ" ಎಂದು ಮೇಷ್ಟ್ರು ಕೇಳಿಕೊಂಡರು.

"ಅದು ಗಣಿ ಕಡೆ ಹೋಗೋ ರೈಲು. ನನಗೆ ಹೇಳಿರೋದು ಈ ಪ್ಲಾಟ್‌ಫಾರ್ಮು."

"ಸಂಜೆ ಬನ್ನಿ ಹಾಗಾದ್ರೆ. ಒಬ್ಬೊಬ್ಬರೂ ಇಲ್ಲೇ ಇಳೀತಾರೆ."

"ಇಳಿಯೋರ ಲೆಕ್ಕ ಯಾರೂ ಕೇಳಿಲ್ಲ ಸಾರ್. ಹತ್ತೋರದ್ದು ಮಾತ್ರ." ಗಣತಿಯವನು ಕೆಟ್ಟವನೇನಲ್ಲ. ಪಕ್ಕಕ್ಕೆ ಸರಿದು, "ಕೂತ್ಕೊಳ್ಳಿ, ಕಾಲು ನೋಯ್ತಿದೆ ಅನ್ಸುತ್ತೆ" ಅಂದ. ರೈಲು ಬಂದು ಮೇಷ್ಟ್ರು ಹತ್ತಿದಾಗ ಅವನ ಯಂತ್ರ ಒಂದು ಸಲ ಟಿಕ್ಕೆಂದಿತು.

ಅಂದು ಸಂಜೆ ಮೇಷ್ಟ್ರು ಮನೆಮನೆಗೂ ಹೋಗಿ ಎಂದೂ ಬೈಯದವರು ಬೈದರು. ಅವರ ಹಿಂದೆ ಅಕ್ಕ ಹೋದಳು. ಅವಳು ಬೈದದ್ದನ್ನು ಬರೆಯುವ ಹಾಗಿಲ್ಲ. ಜನಕ್ಕೆ ನಿಜವಾಗಿಯೂ ನಾಚಿಕೆಯಾಯಿತು. ಮರುದಿನ ಸಾಲುಮನೆಗೆ ಸಾಲುಮನೆಯೇ ಪೇಟೆ ಕಡೆಯ ಪ್ಲಾಟ್‌ಫಾರ್ಮಿನಲ್ಲಿತ್ತು. ಮಲಗಿದ್ದ ನಾಯಿಗಳು ಗಾಬರಿಯಾಗಿ ಎದ್ದು ಹೋದವು. ಗಣತಿಯವನು ಯಂತ್ರವನ್ನು ಅಂಗಿಗೆ ಒರೆಸಿ ಸಿದ್ಧನಾದ. ಮೇಷ್ಟ್ರ ಮುಖದಲ್ಲಿ ಎಷ್ಟೋ ದಿನದ ಮೇಲೆ ಕಳೆ ಬಂದಿತ್ತು.

ಆದರೆ ಆ ಪ್ಲಾಟ್‌ಫಾರ್ಮಿನಲ್ಲಿ ಬೆಳಗ್ಗೆ ಯಾರೂ ಹತ್ತುವುದಿಲ್ಲವೆಂದು ಡ್ರೈವರುಗಳಿಗೆ ವರ್ಷಗಳಿಂದ ಗೊತ್ತು. ರೈಲು ಅಲ್ಲಿ ಶಾಸ್ತ್ರಕ್ಕೆ ನಿಲ್ಲುತ್ತಿತ್ತು, ನಿಂತಿತೆನ್ನುವಷ್ಟರಲ್ಲಿ ಹೊರಡುತ್ತಿತ್ತು. ಅಂದೂ ಹಾಗೆಯೇ ನಿಂತಿತು. ಬಾಗಿಲಲ್ಲಿ ಗಣಿಯವರು ಗೋಡೆ ಕಟ್ಟಿದ ಹಾಗೆ ನಿಂತಿದ್ದರು. ಅವರಿಗೂ ಇಲ್ಲಿ ಸರಿದು ಜಾಗ ಬಿಟ್ಟು ಅಭ್ಯಾಸವಿಲ್ಲ. "ಜರುಗ್ರೀ, ಒಳಗೆ ಜರುಗ್ರೀ" ಎಂದು ಇವರು ಕೂಗುವಷ್ಟರಲ್ಲಿ ರೈಲು ಅಲುಗಿತು. ಬಾಗಿಲ ಹತ್ತಿರವಿದ್ದ ನಾಲ್ಕೈದು ಜನ ಹೇಗೋ ತೂರಿಕೊಂಡರು, ಮೇಷ್ಟ್ರನ್ನು ಯಾರೋ ಹಿಂದಿನಿಂದ ಒಳಗೆ ದಬ್ಬಿದರು. ಮಿಕ್ಕವರೆಲ್ಲ ಪ್ಲಾಟ್‌ಫಾರ್ಮಿನ ಮೇಲೆ ಬಾಯಿ ಬಿಟ್ಟುಕೊಂಡು ನಿಂತರು. ಗಣತಿಯವನಿಗೂ ಬೇಸರವಾಯಿತು. ಪ್ಲಾಟ್‌ಫಾರ್ಮಿನಲ್ಲಿ ಉಳಿದವರನ್ನು ಎಣಿಸಲು ಅವನಿಗೆ ಹೇಳಿರಲಿಲ್ಲ.

ಅಂದು ಉಳಿದವರೆಲ್ಲ ಕೆಲಸಕ್ಕೆ ತಡವಾಗಿ ಹೋದರು. ನರ್ಸಮ್ಮನಿಗೆ ಮೆಮೊ ಕೊಟ್ಟರು. ಬೈಂಡಿಂಗಿನವನನ್ನು ಗೇಟಿನಿಂದಲೇ ವಾಪಸು ಕಳಿಸಿದರು. ಸಂಜೆ ಮೇಷ್ಟ್ರು ಮತ್ತೆ ಹೊರಟಾಗ ಬಾಗಿಲುಗಳು ಅರ್ಧವೇ ತೆರೆದವು. "ನಿಮ್ ಮೇಲೆ ಗೌರವ ಇದೆ ಮೇಷ್ಟ್ರೇ, ಆದ್ರೆ ಹೊಟ್ಟೆಪಾಡು" ಎಂದು ನರ್ಸಮ್ಮ ಅಂದಳು. ಮೇಷ್ಟ್ರು ಹೋರಾಡುತ್ತಿದ್ದುದೂ ಹೊಟ್ಟೆಪಾಡಿಗೇ ಅಲ್ಲವೇ.

ಕೊನೆಯ ಬೆಳಗು ಅಕ್ಕ, "ಕಾಲು ಕುಂಬಳಕಾಯಿ ಆಗಿದೆ, ನೀನೂ ಅವರ ಜೊತೆ ಹಿಂದಕ್ಕೆ ಹೋಗಿ ಕೂತ್ಕೊಂಡು ಹೋಗು. ಆಗೋದು ಆಗೇ ಆಗುತ್ತೆ" ಅಂದಳು. ಮೇಷ್ಟ್ರು ಕೇಳಲಿಲ್ಲ. ತಾವು ಹಚ್ಚಿದ ಚಟ, ತಾವಾದರೂ ಬಿಡಬೇಕು ಎಂಬ ಹಟ. ಪೇಟೆ ಕಡೆಯ ಪ್ಲಾಟ್‌ಫಾರ್ಮಿನಲ್ಲಿ ಅವರೂ ಗಣತಿಯವನೂ ಇಬ್ಬರೇ ನಿಂತರು. ಎದುರಿನ ರೈಲು ಬಂತು, ಸಾಲುಮನೆಯವರನ್ನೆಲ್ಲ ತುಂಬಿಕೊಂಡು ಗಣಿ ಕಡೆಗೆ ಹೋಯಿತು. ಅವರು ತಿರುಗಿ ಬರುವಷ್ಟರಲ್ಲಿ ಹೇಳಬೇಕಾದ ಮಾತನ್ನೆಲ್ಲ ಮೇಷ್ಟ್ರು ಮನಸ್ಸಿನಲ್ಲೇ ಜೋಡಿಸಿಕೊಂಡರು. ಒಬ್ಬೊಬ್ಬರಿಗೂ ಬೇರೆ ಬೇರೆ ಇತ್ತು.

ರೈಲು ಬಂತು. ಕಿಟಕಿಯಿಂದ ಬೈಂಡಿಂಗಿನವನು ಅರ್ಧ ಮೈ ಹೊರಗೆ ಹಾಕಿ ಕೂಗುತ್ತಿದ್ದ: "ಮೇಷ್ಟ್ರೇ, ಈ ಬಾಗಿಲು! ಇಲ್ಲಿ! ನಿಮಗೆ ಸೀಟ್ ಹಿಡಿದಿದ್ದೀವಿ!"

ಬಾಗಿಲಲ್ಲಿ ಸಾಲುಮನೆಯವರೇ ಗಣಿಯವರನ್ನು ಅತ್ತಿತ್ತ ತಳ್ಳಿ ದಾರಿ ಮಾಡಿಟ್ಟಿದ್ದರು. ನಾಲ್ಕು ಕೈಗಳು ಅವರನ್ನು ಮೇಲೆತ್ತಿಕೊಂಡವು. ಕಿಟಕಿ ಪಕ್ಕದ ಸೀಟಿನ ಮೇಲೆ ನರ್ಸಮ್ಮನ ಚೀಲವಿತ್ತು. ಅದಕ್ಕಾಗಿ ಅವಳು ಗಣಿಯ ಇಬ್ಬರೊಡನೆ ಜಗಳವಾಡಿದ್ದಳಂತೆ. ಚೀಲ ತೆಗೆದು, "ಕೂತ್ಕೊಳ್ಳಿ ಮೇಷ್ಟ್ರೇ, ಕಾಲು ನೋಡೋಕಾಗ್ತಿಲ್ಲ" ಅಂದಳು. ಅವಳ ಕಣ್ಣು ತುಂಬಿತ್ತು. ಮೇಷ್ಟ್ರು ಜೋಡಿಸಿಟ್ಟುಕೊಂಡಿದ್ದ ಬೈಗುಳವೆಲ್ಲ ಹಾಗೇ ಉಳಿಯಿತು. ಬೇಡ, ನಿಂತೇ ಬರುತ್ತೇನೆ ಅನ್ನಬೇಕೆಂದುಕೊಂಡರು. ಅನ್ನುವ ಮೊದಲೇ ಮಂಡಿ ಮಡಿಚಿ, ಕೂತಾಗಿತ್ತು. ಕೂತಾಗ ಆದ ಸುಖಕ್ಕೆ ಅವರಿಗೆ ಅಸಹ್ಯವಾಯಿತು. ಅಷ್ಟೊಂದು ಜನ ತಮ್ಮನ್ನು ಪ್ರೀತಿಸುತ್ತಾರೆ, ಅವರಲ್ಲಿ ಒಬ್ಬರಿಂದಲೂ ತಮಗೆ ಬೇಕಾದದ್ದು ಆಗಲಿಲ್ಲ. ಹೊರಗೆ ಗಣತಿಯವನು ಯಂತ್ರವನ್ನು ಒಂದು ಸಲ ಒತ್ತಿ ಚೀಲಕ್ಕೆ ಹಾಕಿಕೊಂಡ.

ಹಾಲ್ಟು ಮುಚ್ಚಿತು. ಬೋರ್ಡು ಕಿತ್ತರು, ಬೇಲಿ ಬಿಗಿದರು, ರೈಲು ಒಂದಿಷ್ಟು ಬೇಗ ಪೇಟೆ ಸೇರತೊಡಗಿತು. ಸಾಲುಮನೆಯವರು ಹಳ್ಳಕ್ಕಿಳಿದು ದಿಣ್ಣೆ ಹತ್ತಿ ಗಣಿ ನಿಲ್ದಾಣಕ್ಕೆ ನಡೆದರು. ಪಾಸು ಮೊದಲಿನದೇ, ಸೀಟೂ ಸಿಗುತ್ತಿತ್ತು. ಮೊದಮೊದಲು ಗೊಣಗಿದರು, ಆಮೇಲೆ ಅದಕ್ಕೂ ಒಗ್ಗಿಕೊಂಡರು. ಮೇಷ್ಟ್ರೂ ಕೆಲವು ತಿಂಗಳು ನಡೆದರು. ದಿಣ್ಣೆಯ ಮೇಲೆ ಮೂರು ಕಡೆ ಕೂತು ಹೋಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಮೇಜಿನ ಅಂಚು ಹಿಡಿಯದೆ ನಿಲ್ಲಲಾಗುತ್ತಿರಲಿಲ್ಲ. ಒಂದು ದಿನ ಕಾಲು ಸೋತು ಕೈ ಜಾರಿತು, ಒಂದು ಹಾಸು ಬಟ್ಟೆ ಪೂರ್ತಿ ಕಾಲರಿನ ಹತ್ತಿರ ಹಾಳಾಯಿತು. ಮಾಲೀಕ ಒಂದು ಮಾತೂ ಬೈಯಲಿಲ್ಲ. "ಸ್ವಲ್ಪ ದಿನ ರೆಸ್ಟ್ ತಗೊಳ್ಳಿ ಮೇಷ್ಟ್ರೇ, ನಾವೇ ಹೇಳಿ ಕಳಿಸ್ತೀವಿ" ಅಂದ. ಹೇಳಿ ಕಳಿಸಲಿಲ್ಲ. ಅಕ್ಕ ಈಗ ಸಾಲುಮನೆಯವರ ಹರಿದ ಬಟ್ಟೆಗೆ ತೇಪೆ, ಗುಂಡಿ ಹಚ್ಚಿ ಕೊಡುತ್ತಾಳೆ. ಮನೆಯ ಯಜಮಾನ ಬಾಡಿಗೆ ಕೇಳಲು ಬಂದಾಗ ಅವಳ ನಾಲಿಗೆಗೂ ಮಾತು ಬರುವುದಿಲ್ಲ.

ಒಂದು ಸಂಜೆ ಬೈಂಡಿಂಗಿನವನು ಬಂದು ಹೊಸ್ತಿಲಲ್ಲಿ ಕೂತ. "ಈಗಲೂ ನಿಮ್ ಸೀಟ್ ಹಿಡೀತೀವಿ ಮೇಷ್ಟ್ರೇ. ರೈಲು ಗಣಿ ಬಿಡೋವರೆಗೂ ಯಾರನ್ನೂ ಕೂರಿಸಲ್ಲ" ಅಂದ.

"ನಾನು ಬರಲ್ಲ ಅಂತ ಗೊತ್ತಲ್ಲೋ. ಯಾಕೆ ಹಿಡೀತೀರಿ?"

"ಅಭ್ಯಾಸ ಮೇಷ್ಟ್ರೇ" ಎಂದು ಅವನು ನಗಲು ನೋಡಿದ.

ಮೇಷ್ಟ್ರು ಬಾತ ಕಾಲನ್ನು ಎರಡೂ ಕೈಯಿಂದ ಎತ್ತಿ ಸ್ಟೂಲಿನ ಮೇಲಿಟ್ಟುಕೊಂಡರು. "ಇನ್ನು ಹಿಡೀಬೇಡ್ರಪ್ಪಾ" ಅಂದರು, "ನಿಂತಿರೋರು ಯಾರಾದ್ರೂ ಕೂತ್ಕೊಳ್ಳಲಿ. ನನಗೆ ಇಲ್ಲಿ ಬೆಳಗ್ಗೆಯಿಂದ ಕೂತೇ ಇರೋದು ತಾನೇ ಕೆಲಸ."