ಒಂದೇ ಸುತ್ತು

ಮೊನ್ನೆ ಹೊಸದುರ್ಗದ ಸಂತೆಯಲ್ಲಿ ಕರಿ ಕಂಬಳಿಯೊಂದನ್ನು ಬಿಡಿಸಿ ನೋಡಿದೆ. ಹುಣಸೆ ಬೀಜ ಬೇಯಿಸಿ ಎಳೆಗಳಿಗೆ ಹಚ್ಚುವ ಗಂಜಿಯ, ಅಂದರೆ ಸರಿಯ ವಾಸನೆ ಬಂತು... ಎಪ್ಪತ್ತರ ದಶಕದ ಕೊನೆಯ ಒಂದು ಬೆಳಗು ನೆನಪಾಯಿತು.

ಪಕ್ಕದ ಮನೆಯ ಮಾವ ಕಂಬಳಿ ನೇಯುತ್ತಿದ್ದ. ರಕ್ತಸಂಬಂಧವೇನಿಲ್ಲ, ಆ ಓಣಿಗೆ ಮೇಷ್ಟ್ರಾಗಿ ಬಂದ ನನ್ನನ್ನು ಅವನೇ ಅಳಿಯ ಎಂದು ಕರೆದಿದ್ದ. ಅಂದು ಓಣಿಯುದ್ದಕ್ಕೂ ಉಣ್ಣೆಯ ಹಾಸು, ಎಂದರೆ ಮಗ್ಗಕ್ಕೇರಿಸುವ ಉದ್ದೆಳೆಗಳನ್ನು ಬಿಗಿದು, ಸರಿ ಹಚ್ಚಿ, ದೊಡ್ಡ ಕುಂಚ ಎಳೆಯುತ್ತ ಆ ತುದಿಗೂ ಈ ತುದಿಗೂ ಓಡಾಡುತ್ತಿದ್ದ.

"ಏನಪ್ಪ ಅಳಿಯ, ಕೆಳಗೆ ನುಸುಳಿ ಬಾ. ಮೇಷ್ಟ್ರಾದ್ರೂ ಇಲ್ಲಿ ಬಗ್ಗಲೇಬೇಕು" ಎಂದು ನಕ್ಕ.

ಮರುದಿನ ಅದೇ ಕೆಲಸ ಮಾಡುವಾಗ ಎದೆ ಹಿಡಿದು ಕುಸಿದ. ಸ್ವಲ್ಪ ಹೊತ್ತಿಗೆ ಎದ್ದು ಕೂತ. ಊರವರು ವಾಯು ಎಂದರು. ಆಸ್ಪತ್ರೆಯಲ್ಲಿ ಮಲಗಿಸಿ ಪರೀಕ್ಷೆ ಮಾಡಿದರೆ ಏನೂ ಕಾಣುತ್ತಿರಲಿಲ್ಲ. ಬಿರುಸಾಗಿ ನಡೆದರೆ ಮಾತ್ರ ಎದೆ ಹಿಂಡುತ್ತಿತ್ತು. ಚಿತ್ರದುರ್ಗದ ಡಾಕ್ಟರು ದೂರದ ದೊಡ್ಡಾಸ್ಪತ್ರೆಗೆ ಚೀಟಿ ಬರೆದರು. ಇಂಗ್ಲಿಷ್ ಓದಲು ಬರುತ್ತದೆಂದು ಜೊತೆಗೆ ನಾನು ಹೋದೆ.

ಅಲ್ಲಿ ರಕ್ತನಾಳದೊಳಗೆ ಸಣ್ಣ ಕೊಳವೆ ಬಿಟ್ಟು ಚಿತ್ರ ತೆಗೆದರು. ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಹೃದಯಕ್ಕೇ ರಕ್ತ ಕೊಡುವ ಒಂದು ನಾಳ ಹುಟ್ಟಿನಿಂದಲೇ ತಪ್ಪು ಕಡೆಯಿಂದ ಹೊರಟು, ಎರಡು ದೊಡ್ಡ ನಾಳಗಳ ನಡುವೆ ಹಾದುಹೋಗಿತ್ತು. ದಣಿದಾಗ ಅದು ಅಲ್ಲಿ ಅದುಮಿಹೋಗುತ್ತದೆ. ಕಾಲಿನ ನಾಳ ತೆಗೆದು ಅಲ್ಲಿ ಜೋಡಿಸಿ ರಕ್ತಕ್ಕೆ ಬೇರೆ ದಾರಿ ಮಾಡಬೇಕು. ತಿಂಗಳ ನಂತರದ ದಿನ ಕೊಟ್ಟರು. ಅಲ್ಲಿಯವರೆಗೆ ದಣಿಯಕೂಡದು.

ಬಸ್ಸಿನಲ್ಲಿ ಮಾವ ಕೇಳಿದ, "ಹುಟ್ಟಿದಾಗ್ಲಿಂದ ಐತೆ ಅಂದ್ರಲ್ಲ. ನಲವತ್ತೊಂದು ವರ್ಷ ಸುಮ್ಕಿದ್ದದ್ದು ಇನ್ನೊಂದು ತಿಂಗಳು ಇರಲ್ವೇನಪ್ಪ?"

ಇರುತ್ತದೆ ಎಂಬಂತೆ ನಾನು ತಲೆಯಾಡಿಸಿದೆ. ಹಾಗೆ ಆಡಿಸಬಾರದಿತ್ತು...

ಆಪರೇಷನ್ನಿಗೆ ಒಂಬತ್ತು ದಿನ ಇತ್ತು. ಮಾವನ ಹೆಂಡತಿ, ನನಗೆ ಅತ್ತೆ, ತನ್ನ ತಮ್ಮನನ್ನು ಕರೆಸಿ ಹಾಸಿನ ಎಳೆಗಳಿಗೆ ಸರಿ ಹಚ್ಚಿಸಿದ್ದಳು. ಸರಿ ಆರುವುದರೊಳಗೆ ಕುಂಚ ಎಳೆದು ಎಳೆಗಳನ್ನು ಬಿಡಿಸದಿದ್ದರೆ ಎಲ್ಲ ಅಂಟಿಕೊಂಡು ಹಾಸೇ ಹಾಳು. ತಮ್ಮನ ಕೈ ನಿಧಾನ. ಬಿಸಿಲು ಏರುತ್ತಿತ್ತು. ಜಗಲಿಯಲ್ಲಿ ಕೂತಿದ್ದ ಮಾವ ಎದ್ದ.

"ಲೇ, ಒಣಗ್ತೈತೆ. ಇತ್ಲಾಗ್ ಕೊಡು ಕುಂಚ."

"ಬ್ಯಾಡ, ಕುಂತ್ಕಳ್ರಿ. ಹಾಳಾದ್ರೆ ಆಗ್ಲಿ" ಎಂದಳು ಅತ್ತೆ.

"ಒಂದೇ ಸುತ್ತು ಕಣೆ."

ಶಾಲೆಗೆ ಹೊರಟವನು ನಾನೂ ಅಲ್ಲೇ ನಿಂತಿದ್ದೆ. ಅವನ ಮುಖ ಅಷ್ಟು ಗೆಲುವಾಗಿದ್ದುದನ್ನು ತಿಂಗಳಿಂದ ಕಂಡಿರಲಿಲ್ಲ. ತಡೆಯಲಿಲ್ಲ. ಒಂದು ಸುತ್ತೆಂದವನು ಮೂರು ಸುತ್ತು ಓಡಾಡಿದ. ಆ ತುದಿಯಲ್ಲಿ ಬಿದ್ದವನು ಈ ಸಲ ಏಳಲಿಲ್ಲ.

ಈಗ ಇಂಥ ಆಪರೇಷನ್ ಮಾಡಿಸಿಕೊಂಡು ಬಂದವರು ನಮ್ಮ ಕಡೆಯೇ ಇದ್ದಾರೆ. ನನಗೆ ಎಪ್ಪತ್ತು ದಾಟಿದೆ. ಮಾವ ನಲವತ್ತೊಂದರಲ್ಲೇ ನಿಂತಿದ್ದಾನೆ. ಅವನಿಗೆ ವಯಸ್ಸಾಗಿದ್ದರೆ ಮುಖ ಹೇಗಿರುತ್ತಿತ್ತೋ, ನನಗೆ ಗೊತ್ತಿಲ್ಲ.