ಗುಳ್ಳೆ ಇಲ್ಲದ ಸರ್ಪಸುತ್ತು

ಸೋಮವಾರ, ಬೆಳಗ್ಗೆ ಏಳು ಗಂಟೆ, ತಲ್ಲೂರಿನ ಮನೆ. ಇದ್ದವರು ನಾನು ಮತ್ತು ನನ್ನ ತಂಗಿ. ಸ್ನಾನ ಮಾಡುವಾಗ ಎಡ ಮೊಲೆಯ ಕೆಳಬದಿಯ ಚರ್ಮ ಕೆಂಪಗಾಗಿ, ಕಿತ್ತಳೆ ಸಿಪ್ಪೆಯ ಹಾಗೆ ದಪ್ಪವಾದದ್ದು ಕಂಡಿತು. ನೋವಿಲ್ಲ, ತುರಿಕೆಯಿಲ್ಲ. ತಂಗಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ನೋಡಿ, "ಇದ್ ಸರ್ಪಸುತ್ತೇ ಅಕ್ಕ, ಹೆದ್ರುಕಾಗ" ಎಂದಳು. ನಾನು ಸೀರೆ ಉಟ್ಟು ಬರುವಷ್ಟರಲ್ಲಿ ತೆಂಗಿನ ಗೆರಟೆಯಲ್ಲಿ ಕೆಮ್ಮಣ್ಣು ಕಲಸಿ ತಂದಿದ್ದಳು. ಆ ಹಸಿ ಮಣ್ಣಿನ ವಾಸನೆಗೆ ಬ್ರಹ್ಮಾವರದಲ್ಲಿದ್ದಾಗಿನ ಪಕ್ಕದ ಮನೆಯವಳು ನೆನಪಾದಳು…

ಆಗ ನಾನು ಅಲ್ಲಿನ ಶಾಲೆಯಲ್ಲಿ ಡ್ರಿಲ್ ಟೀಚರ್. ನಮ್ಮಿಬ್ಬರ ಮನೆಗೂ ಬಾವಿ ಒಂದೇ. ಒಂದು ದಿನ ಬಾವಿಕಟ್ಟೆಯಲ್ಲಿ ಅವಳು ಅತ್ತಿತ್ತ ನೋಡಿ ಸೆರಗು ಸರಿಸಿ, "ಟೀಚ್ರೆ, ಇದೆಂತ ಕಾಣಿ ಮರ್ರೆ" ಎಂದಳು. ಇವತ್ತು ನನ್ನ ಮೈಮೇಲೆ ಕಂಡದ್ದೇ ಅಲ್ಲಿತ್ತು. ಡಾಕ್ಟರಿಗೆ ತೋರಿಸೋಣ, ನಾನು ರಜೆ ಹಾಕುತ್ತೇನೆ ಎಂದೆ.

"ಡಾಕ್ಟ್ರ್ ಗಂಡ್ಸಲ್ದಾ? ನನ್ ಬದ್ಲಿಗೆ ನೀವೇ ತೋರ್ಸಿ ಬನ್ನಿ" ಎಂದು ನಕ್ಕಳು.

ನಕ್ಕರೂ ಮರುದಿನ ಹೊರಟು ನಿಂತಳು. ಅವಳ ಅತ್ತೆ ಬಾಗಿಲಿಗೆ ಅಡ್ಡ ಬಂದು, "ಮೊಲಿ ತೋರ್ಸುಕೆ ಪೇಟಿಗ್ ಹೋತ್ಯಾ? ಮರ್ಯಾದಿ ಬ್ಯಾಡ್ದಾ?" ಎಂದಳು. ಅಷ್ಟಕ್ಕೇ ಇವಳು ಚಪ್ಪಲಿ ಕಳಚಿ ಒಳಗೆ ಹೋದಳು. ಅತ್ತೆಯ ಮೇಲೆ ಬಂದಷ್ಟೇ ಸಿಟ್ಟು ನನಗೆ ಆ ಚಪ್ಪಲಿ ಕಳಚಿದವಳ ಮೇಲೂ ಬಂತು. ಈಗಲೂ ಇದೆ.

ಸರ್ಪಸುತ್ತು ಎಂದರೆ ಮೈಮೇಲೆ ಉರಿಯುವ ಗುಳ್ಳೆಗಳು ಪಟ್ಟಿಯ ಹಾಗೆ ಏಳುವ ಕಾಯಿಲೆ. ನಮ್ಮ ಕಡೆ ಅದರ ಸುತ್ತ ಕೆಮ್ಮಣ್ಣಿನ ಗೆರೆ ಎಳೆದು ಮಂತ್ರ ಹಾಕಿಸುತ್ತಾರೆ. ಗುಳ್ಳೆಯ ಪಟ್ಟಿ ಮೈ ಸುತ್ತಿ ಬಂದು ಹಾವಿನ ಹೆಡೆ ಬಾಲ ಕೂಡಿದರೆ ಜೀವ ಹೋಗುತ್ತದಂತೆ. ಸೊಸೆಯದ್ದೂ ಸರ್ಪಸುತ್ತೇ ಎಂದು ಅತ್ತೆ ಕರೆಸಿದ್ದು ಮಂತ್ರ ಹಾಕುವವನನ್ನು. ಅವನೂ ಗಂಡಸೇ. ಆದ್ದರಿಂದ ಅವನು ಜಗಲಿಯಲ್ಲಿ ಕುಳಿತ, ಇವಳು ಕೋಣೆಯೊಳಗೆ. ನಡುವೆ ಹಳೆ ಸೀರೆಯೊಂದನ್ನು ಇಳಿಬಿಟ್ಟಿದ್ದರು.

"ಎಲ್ಲಿ ಎದ್ದಿತ್?"

"ಬೆನ್ನಂಗೆ" ಎಂದಳು ಅತ್ತೆ.

"ಗುಳ್ಳೆ ಇತ್ತಾ?"

"ಇತ್ತ್, ಇತ್ತ್."

ಒಂದು ಗುಳ್ಳೆಯೂ ಇರಲಿಲ್ಲ. ಆತ ಬೆನ್ನಿಗೆಂದು ಮಂತ್ರ ಹಾಕಿಕೊಟ್ಟ ಮಣ್ಣನ್ನು ಅತ್ತೆ ಒಳಗೆ ಒಯ್ದು ಎದೆಗೆ ಬಳಿದಳು. ರೋಗವನ್ನೂ ರೋಗಿಯನ್ನೂ ಕಾಣದ ಆ ಮಹಾನುಭಾವ ಎಲೆಯಡಿಕೆ ಹಾಕಿಕೊಂಡು, "ಹೆಡಿ ಬಾಲ ಕೂಡ್ಲಿಲ್ಲೆ, ಬಚಾವಾಯ್ತ್" ಎಂದು ಹೇಳಿ ಹೋದ. ಮನೆಯವರೆಲ್ಲ ನೆಮ್ಮದಿಯಿಂದ ಊಟ ಮಾಡಿದರು.

ಕಂಕುಳಲ್ಲಿ ಗಂಟು ಎದ್ದು ಕೈ ಬಾತುಕೊಂಡ ಮೇಲೆ ದೊಡ್ಡ ಆಸ್ಪತ್ರೆಗೆ ಒಯ್ದರು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಡಾಕ್ಟರು ಕೇಳಿದಾಗ ಅವಳ ಗಂಡ, "ಹೆಂಗ್ಸ್ರ ವಿಷಯ, ನಂಗೆಂತ ಗೊತ್ತಿಲ್ಲೆ" ಎಂದನಂತೆ. ಹೋಟೆಲಿನವನು. ಸಾಂಬಾರಿನ ಉಪ್ಪನ್ನು ದಿನಾ ತಾನೇ ನೋಡದಿದ್ದರೆ ಅವನಿಗೆ ಸಮಾಧಾನವಿರಲಿಲ್ಲ.

ಅವಳು ಮುಂದಿನ ಮಳೆಗಾಲ ಕಾಣಲಿಲ್ಲ. ವರ್ಷ ತುಂಬಿದ ಮೇಲೆ ಮನೆಯಲ್ಲಿ ನಾಗದೋಷ ಕಂಡುಬಂತೆಂದು ಆಶ್ಲೇಷಾ ಬಲಿ ಮಾಡಿಸಿ ಕೇರಿಗೆಲ್ಲ ಊಟ ಹಾಕಿದರು. ಪಾಯಸ ಚೆನ್ನಾಗಿತ್ತೆಂದು ಉಂಡು ಬಂದವರು ಹೇಳಿದರು. ನಾನು ಹೋಗಲಿಲ್ಲ… ಆ ಬಾವಿಯಿಂದ ನೀರು ಸೇದುವಾಗ ಮಾತ್ರ, ಎದುರುಬದಿಯಲ್ಲಿ ಹಗ್ಗ ಹಿಡಿಯುವವರಿಲ್ಲ ಎಂಬುದು ಬಹಳ ದಿನ ಕಾಡಿತು.

ಗೆರಟೆ ಹಿಡಿದ ತಂಗಿ ಬಾಗಿಲಲ್ಲೇ ನಿಂತಿದ್ದಳು. "ಒಂದ್ಸಲ ಹಚ್ಚಿ ಕಾಂಬ. ಕಮ್ಮಿ ಆಯ್ಲಿಲ್ಲೆ ಅಂದ್ರೆ ನಾಳೆ ಹೋಪ."

"ಇವತ್ತೇ ಹೋಪ. ಚಪ್ಪಲಿ ಹಾಕ್" ಎಂದೆ.

ಕುಂದಾಪುರದಲ್ಲಿ ಡಾಕ್ಟರು ಮೊಮ್ಮಗನ ವಯಸ್ಸಿನ ಹುಡುಗ. ಅವನೇ ಸ್ವಲ್ಪ ನಾಚಿದ. ನಾನು ರವಿಕೆ ಬಿಚ್ಚಿ ಬೆಳಕಿಗೆ ತಿರುಗಿ ಕುಳಿತೆ. ಆಮೇಲೆ ಅವನು ನಾಚಿಕೆ ಬಿಟ್ಟು ಸರಿಯಾಗಿ ನೋಡಿದ. ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಏನಿರಬಹುದು ಎಂದು ಕೇಳಿದೆ. "ಸೋಂಕೂ ಇರಬಹುದು ಅಮ್ಮ, ಕ್ಯಾನ್ಸರೂ ಇರಬಹುದು. ಶುಕ್ರವಾರ ಗೊತ್ತಾಗ್ತದೆ" ಎಂದ. ಸುತ್ತಿ ಬಳಸದೆ ಹೇಳಿದ್ದು ಹಿಡಿಸಿತು. ಬಸ್ಸಿನಲ್ಲಿ ಬರುವಾಗ ತಂಗಿ ಅತ್ತಳು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಹೆದರಿಕೆ ನನಗೂ ಇತ್ತು.

ಸಂಜೆ ಬೆಳಕಿರುವಾಗಲೇ ತಂಗಿಯನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ಆಸ್ಪತ್ರೆಯ ನರ್ಸು ಕಲಿಸಿಕೊಟ್ಟ ಹಾಗೆ ಅವಳ ಎದೆಯನ್ನೂ ಒತ್ತಿ ನೋಡಿದೆ. "ನಂಗೆಂತ ಆಯ್ಲಿಲ್ಲೆ ಅಕ್ಕ, ಕೈ ತಣ್ಣಗಿತ್ತ್, ಕಚಗುಳಿ ಆತ್ತ್" ಎಂದು ಅಳುತ್ತಲೇ ನಕ್ಕಳು. ಸುಮ್ಮನೆ ನಿಂತ್ಕೋ ಎಂದು ಗದರಿದೆ. ಕಂಕುಳನ್ನೂ ಮುಟ್ಟಿ ನೋಡಿದೆ. ಎರಡೂ ಬದಿ ಸರಿಯಿದ್ದವು. ರವಿಕೆಯ ಗುಂಡಿ ಹಾಕಿಕೊಳ್ಳಲು ಹೇಳಿ, ಕೈ ತೊಳೆದೆ.